ಹೊಳೆ ಇಲ್ಲದ ಊರಿನಿಂದ

ಕಾಸರಗೋಡಿನ ಕಡೆ ಹೋಗಿ ಬಂದು ಮೂರು ತಿಂಗಳಾಯಿತು. ಅಲ್ಲಿ ಕಟ್ಟಿಕೊಟ್ಟಿದ್ದ ಹಲಸಿನ ಹಪ್ಪಳ ಮುಗಿದಿದೆ. ಚಪ್ಪಲಿಗೆ ಅಂಟಿದ್ದ ಕೆಮ್ಮಣ್ಣು ಉದುರಿ ನಮ್ಮ ಅಂಗಳದ ಮಣ್ಣಲ್ಲಿ ಬೆರೆತಿದೆ. ಒಂದು ಪ್ರಶ್ನೆ ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ಕೊಬ್ಬರಿ ಚೂರಿನ ಹಾಗೆ ಕೂತುಬಿಟ್ಟಿದೆ. ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ. ಕೇಳಿದವರು ಪಯಸ್ವಿನಿ ಹೊಳೆಯ ಬದಿಯ ಒಬ್ಬ ನಿವೃತ್ತ ಮೇಷ್ಟ್ರು. ಕೇಳಿದ್ದೂ ದೊಡ್ಡ ತತ್ತ್ವದ ಮಾತೇನಲ್ಲ. ನಮ್ಮ ಕಡೆ ಹೊಸಬರನ್ನು ಕಂಡರೆ ‘ಯಾವೂರಾಯ್ತು?’ ಅಂತೀವಲ್ಲ, ಅದೇ ಜಾತಿಯದು. ಉತ್ತರ ಗೊತ್ತಿಲ್ಲದೆ ಪೆಚ್ಚಾದೆ. ಪ್ರಶ್ನೆ ಏನೆಂಬುದನ್ನು ಅದರ ಜಾಗ ಬಂದಾಗ ಹೇಳುತ್ತೇನೆ.

ನಾನು ಶೆಟ್ಟಿಕೆರೆಯವನು. ತಿಪಟೂರಿಗೂ ಚಿಕ್ಕನಾಯಕನಹಳ್ಳಿಗೂ ನಡುವಿನ ಹೋಬಳಿ. ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಬರೀ ತೆಂಗು ಕಾಣುತ್ತದೆ, ಹತ್ತಿರ ಬಂದವರಿಗೆ ತೆಂಗಿನ ಬುಡದಲ್ಲಿ ಒಣಗಿದ ಪಾತಿ ಕಾಣುತ್ತದೆ. ನಮ್ಮ ಮನೆಯ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಗಿಡ್ಡ ತೆಂಗಿನ ಮರ ಇದೆ. ಕಾಯಿ ಕೇಸರಿ ಬಣ್ಣ. ಕೆಂದಾಳಿ ಅನ್ನುತ್ತೇವೆ. ಅದನ್ನು ತಂದವರು ನಮ್ಮಪ್ಪ, ಎಪ್ಪತ್ತರ ದಶಕದಲ್ಲಿ, ತೆಂಗು ಬೆಳೆಗಾರರ ಜೊತೆ ಕಾಸರಗೋಡಿನ ಸಂಶೋಧನಾ ಕೇಂದ್ರ ನೋಡಲು ಹೋದಾಗ. ಒದ್ದೆ ಗೋಣಿಯಲ್ಲಿ ಸುತ್ತಿ ಎರಡು ಸಸಿ ತಂದಿದ್ದರು. ತೋಟಕ್ಕೆ ಹಾಕಿದ್ದು ಮೊದಲನೇ ಬೇಸಗೆಗೇ ಹೋಯಿತು. ಒಗೆಯುವ ಕಲ್ಲಿನ ಪಕ್ಕದ್ದು ಸೋಪಿನ ನೀರು ಕುಡಿದು ಬದುಕಿತು.

ಆ ಪ್ರವಾಸದ ಬಗ್ಗೆ ಅಪ್ಪ ಹೇಳುವುದು ಎರಡೇ ಮಾತು. ಒಂದು, ಅಲ್ಲಿಯ ಅನ್ನದ ಅಗುಳು ಹುಣಸೆ ಬೀಜದಷ್ಟು ದಪ್ಪ. ಇನ್ನೊಂದು ಹೊಳೆಯ ವಿಷಯ. ಕಾಸರಗೋಡಿನಿಂದ ಅವರನ್ನು ತೆಂಕಣಕ್ಕೆ ನೀಲೇಶ್ವರದ ಕೇಂದ್ರಕ್ಕೂ ಕರೆದೊಯ್ದಿದ್ದರಂತೆ. ನಡುವೆ ಚಂದ್ರಗಿರಿ ಹೊಳೆ. “ಹೊಳೆಯಿಂದ ಈಚೆಗೆ ಕನ್ನಡ, ಆಚೆಗೆ ಮಲಯಾಳ. ಸೇತುವೆ ದಾಟಿದ್ದೇ ತಡ, ಜನದ ಬಾಯೇ ಬದಲಾಗೋಯ್ತು ಕಣಪ್ಪ” ಅನ್ನುತ್ತಾರೆ. ನಾನು ಬೆಳೆದದ್ದೇ ಈ ಮಾತು ಕೇಳಿಕೊಂಡು. ನನ್ನ ತಲೆಯಲ್ಲಿ ಆ ಹೊಳೆ ಒಂದು ಗೋಡೆಯ ಹಾಗೆ ನಿಂತಿತ್ತು. ಕಾಲೇಜಿನಲ್ಲಿ, ರಾಜ್ಯಗಳ ಗಡಿ ತಂಟೆ ಕುರಿತ ಮಹಾಜನ ವರದಿ ಓದಿದಾಗ ಅಪ್ಪನ ಮೇಲೆ ಗೌರವ ಹೆಚ್ಚಾಯಿತು. 1966ರಲ್ಲಿ ನೇಮಕವಾದ ಆ ಆಯೋಗ 1967ರಲ್ಲಿ ಕೊಟ್ಟ ವರದಿಯಲ್ಲಿ, ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದೇ ಬರೆದಿದೆ. ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರಿಗೂ ಶೆಟ್ಟಿಕೆರೆಯ ನಮ್ಮಪ್ಪನಿಗೂ ಒಂದೇ ಅಭಿಪ್ರಾಯ!

ವರದಿ ಕಡತದಲ್ಲೇ ಉಳಿಯಿತು, ಹೊಳೆ ಕೇರಳದಲ್ಲೇ ಉಳಿಯಿತು. ನಾನು ನೋಡಿರಲಿಲ್ಲ. ಕಳೆದ ಜನವರಿಯಲ್ಲಿ ಆ ಕಡೆಯ ಹಳೆಯ ಗೆಳೆಯನೊಬ್ಬ “ಅಡಿಕೆ ಕೊಯ್ಲಿನ ಸಮಯ, ಮಾವನ ಮನೆಗೆ ಹೋಗುವ, ಬಾ” ಎಂದ. ಹೊರಡುವಾಗ ಅಪ್ಪ ಅಟ್ಟದಿಂದ ಇಳಿಸಿದ ಹತ್ತು ಗಿಟುಕು ಕೊಬ್ಬರಿ ಚೀಲಕ್ಕೆ ಹಾಕಿದರು. “ತೆಂಗಿನ ಸೀಮೆಗೆ ಕೊಬ್ಬರಿ ಹೊತ್ತುಕೊಂಡು ಹೋಗೋದಾ?” ಎಂದೆ. “ಅವರ ಹತ್ರ ಇರೋದು ಬೇರೆ” ಅಂದರು.

ಹಾಸನ, ಮಡಿಕೇರಿ ದಾರಿಯಲ್ಲಿ ಹೋದೆವು. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಗೆಳೆಯ ಕಾರು ನಿಲ್ಲಿಸಿ ಕೆಳಗೆ ಕೈ ತೋರಿಸಿದ. ಬಂಡೆಗಳ ನಡುವೆ ಬಿಳಿ ದಾರದ ಹಾಗೆ ನೀರು. “ಇದೇ ಪಯಸ್ವಿನಿ. ನಾಳೆ ನೀನು ನೋಡುವ ಚಂದ್ರಗಿರಿ ಇದೇ. ಕೆಳಗೆ ಹೋಗ್ತಾ ಹೆಸರು ಬದಲಾಯಿಸ್ತದೆ.” ನಮ್ಮ ಕಡೆಯಾದರೆ ಇದಕ್ಕೆ ಹಳ್ಳ ಅನ್ನುತ್ತಿದ್ದೆವು, ಜನವರಿಯಲ್ಲಿ ಅದೂ ಅನ್ನುತ್ತಿರಲಿಲ್ಲ. ಜೋಡುಪಾಲದ ಹತ್ತಿರ ಗುಡ್ಡದ ಮೈ ಇನ್ನೂ ಸೀಳಿದ ಹಾಗೆಯೇ ಕಾಣುತ್ತಿತ್ತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಇದೇ ಹಳ್ಳಗಳಲ್ಲಿ ಮರ, ಮಣ್ಣು, ಮನೆ ಎಲ್ಲ ಹರಿದಿದ್ದವು. ಮಳೆ ಬಂದರೆ ಸಾಕು ಎಂದು ಆಕಾಶ ನೋಡುವ ಸೀಮೆಯವನಿಗೆ, ಮಳೆ ಬಂದರೆ ಹೆದರುವ ಮನೆಗಳನ್ನು ನೋಡುವುದು ಮುಜುಗರದ ಕೆಲಸ. ಜಂಬ ಪಡುವುದೋ ಮರುಗುವುದೋ ಗೊತ್ತಾಗುವುದಿಲ್ಲ.

ಸುಳ್ಯದಲ್ಲಿ ಊಟ. ಊಟಕ್ಕಿಂತ ನೆನಪಿರುವುದು ಗೆಳೆಯ ಹೇಳಿದ ಕಥೆ. ಕೊಡಗಿನ ರಾಜ್ಯವನ್ನು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನುಂಗಿದ ಮೇಲೆ ಅಮರ ಸುಳ್ಯದ ಮಾಗಣೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆದದ್ದರಲ್ಲಿ ಕಂದಾಯ ಅಳೆಯುತ್ತಿದ್ದ ರೈತ ಇನ್ನು ನಗದು ಎಣಿಸಬೇಕು ಅಂತಾಯಿತು. 1837ರಲ್ಲಿ ದಂಗೆ ಎದ್ದಿತು. ಕಲ್ಯಾಣಸ್ವಾಮಿ, ಗುಡ್ಡೆಮನೆ ಅಪ್ಪಯ್ಯ ಗೌಡ, ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ದಂಡು ಮಂಗಳೂರಿನವರೆಗೂ ಹೋಗಿ ಬಾವುಟಗುಡ್ಡೆಯಲ್ಲಿ ಕಂಪನಿಯ ಬಾವುಟ ಇಳಿಸಿ ಕೆಲವು ದಿನ ಊರನ್ನು ಹಿಡಿದುಕೊಂಡಿತ್ತು. ಆಮೇಲೆ ನೇಣು, ಗಡೀಪಾರು. ಅಂದರೆ ಈ ಹೊಳೆಯ ಅಕ್ಕಪಕ್ಕದವರಿಗೆ ಗಡಿ ಜರುಗುವುದು 1956ರ ರಾಜ್ಯ ವಿಂಗಡಣೆಯಲ್ಲಿ ಹೊಸದಾಗಿ ಶುರುವಾದದ್ದಲ್ಲ. ಕೆಳದಿ, ಮೈಸೂರು, ಕೊಡಗು, ಕಂಪನಿ, ಮದ್ರಾಸು, ಕೇರಳ. ಒಂದೇ ತೋಟದ ಹಳೆಯ ಕಂದಾಯ ಚೀಟಿಗಳನ್ನು ಒಟ್ಟಿದರೆ ಚರಿತ್ರೆ ಪುಸ್ತಕ ಆದೀತು.

ಜಾಲ್ಸೂರು ದಾಟಿ ಕೇರಳದೊಳಗೆ ಹೋದೆವು. ದೊಡ್ಡದೇನಾದರೂ ಆಗುತ್ತದೆ ಎಂದು ಸೆಟೆದು ಕೂತಿದ್ದೆ. ಏನೂ ಆಗಲಿಲ್ಲ. ಅದೇ ರಬ್ಬರು, ಅದೇ ಅಡಿಕೆ. ಬೋರ್ಡುಗಳಲ್ಲಿ ದುಂಡಕ್ಷರ ಇನ್ನಷ್ಟು ದುಂಡಗಾಯಿತು, ಅಷ್ಟೇ. ನೀರಿನ ಬಾಟಲಿಗೆಂದು ನಿಲ್ಲಿಸಿದ ಮೊದಲ ಅಂಗಡಿಯಲ್ಲೇ ಗೆಳೆಯ ಮಲಯಾಳದಲ್ಲಿ ಮಾತಾಡಿದ. ಹೊಳೆ ಇನ್ನೂ ದಾಟಿಯೇ ಇಲ್ಲವಲ್ಲ! ಅಪ್ಪನ ಗೋಡೆಯಿಂದ ಮೊದಲ ಇಟ್ಟಿಗೆ ಅಲ್ಲೇ ಬಿತ್ತು. ಹೀಗೆ ಕಾಣದ ಗಡಿ ಒಮ್ಮೆ ಮಾತ್ರ ಚೆನ್ನಾಗಿ ಕಂಡಿತ್ತು ಎಂದ ಗೆಳೆಯ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ಕರ್ನಾಟಕದ ಕಡೆಯಿಂದ ಹಲವು ರಸ್ತೆಗಳ ಮೇಲೆ ಲಾರಿಗಟ್ಟಲೆ ಮಣ್ಣು ಸುರಿದರು. ಈ ಭಾಗದವರಿಗೆ ದೊಡ್ಡಾಸ್ಪತ್ರೆ ಅಂದರೆ ಮಂಗಳೂರು. ಆಂಬುಲೆನ್ಸ್ ಗಡಿಯ ತಲಪಾಡಿಯಲ್ಲಿ ನಿಂತಿತು, ಸತ್ತವರೂ ಉಂಟು. “ಕನ್ನಡ ಕನ್ನಡ ಅಂತ ಇಲ್ಲಿ ಹೋರಾಡಿದವರು ಅವತ್ತು ಮಣ್ಣಿನ ಈಚೆಗೇ ಇದ್ದದ್ದು” ಎಂದ. ನಾನು ಮಾತಾಡಲಿಲ್ಲ. ಆ ದಿನಗಳಲ್ಲಿ ನಾವು ಶೆಟ್ಟಿಕೆರೆಯಲ್ಲಿ ಕೂತು, ಗಡಿ ಮುಚ್ಚಿದ್ದು ಒಳ್ಳೆಯದಾಯಿತು ಎಂದು ಮಾತಾಡಿಕೊಂಡಿದ್ದೆವು.

ಮಾವನ ಮನೆ ಮುಳ್ಳೇರಿಯಕ್ಕಿಂತ ಒಳಗೆ, ಹೊಳೆಗೆ ಸೇರುವ ಒಂದು ತೋಡಿನ ಬದಿಯಲ್ಲಿ. ಮಾವ ಎಂದರೆ ನಾನು ಮೊದಲು ಹೇಳಿದ ಮೇಷ್ಟ್ರು. ಮೂವತ್ತು ಚಿಲ್ಲರೆ ವರ್ಷ ಕನ್ನಡ ಪಾಠ ಮಾಡಿದವರು. ಪೆರಡಾಲದ ಶಾಲೆಯಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳ ಪಾಠ ಕೇಳಿದವರು ಕೂಡ. ಅಂಗಳದ ತುಂಬ ಅಡಿಕೆ ಹರಡಿತ್ತು. ಕೈಕಾಲು ತೊಳೆದು ಒಳಗೆ ಹೋದರೆ “ಬಾಯಾರಿಕೆಗೆ ಎಂತ ಆಗಬೇಕು? ಬೊಂಡ ಆಗಬಹುದಾ?” ಎಂದರು. ನಮ್ಮ ಎಳನೀರು ಇಲ್ಲಿ ಬೊಂಡ. ಬಂದದ್ದು ದೊಡ್ಡ ಹಸಿರು ಕಾಯಿ. ಕುಡಿದು ನಿಜ ಹೇಳುತ್ತೇನೆ: ನೀರು ಹೆಚ್ಚು, ಸಿಹಿ ನಮ್ಮದೇ ಒಂದು ಕೈ ಮೇಲು. ಮಳೆ ಕಂಡ ಮರದ ಕಾಯಿಗೂ ಬಾಯಾರಿದ ಮರದ ಕಾಯಿಗೂ ಇರುವ ವ್ಯತ್ಯಾಸ ಇರಬೇಕು. ಅಥವಾ ಇದು ಬರೀ ಊರಿನ ಅಭಿಮಾನ.

ಕೊಬ್ಬರಿ ಚೀಲ ಬಿಚ್ಚಿದಾಗ ಮನೆ ಮಂದಿಯೆಲ್ಲ ಸುತ್ತ ಸೇರಿದರು. ಅವರಿಗೂ ಕೊಬ್ಬರಿ ಗೊತ್ತು. ಆದರೆ ಅಲ್ಲಿ ಕಾಯಿಯನ್ನು ಎರಡು ಹೋಳು ಮಾಡಿ ಬಿಸಿಲಿಗೋ ಹೊಗೆಗೋ ಇಟ್ಟು ವಾರ ಹತ್ತು ದಿನದಲ್ಲಿ ಗಾಣಕ್ಕೆ ಕಳಿಸುತ್ತಾರೆ. ನಮ್ಮಲ್ಲಿ ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಮರೆಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಕರಟ ಒಡೆದರೆ ಚೆಂಡಿನ ಹಾಗೆ ಇಡಿಯಾಗಿ ಹೊರಬರುತ್ತದೆ. ಸರ್ಕಾರ ಬೆಂಬಲ ಬೆಲೆ ಸಾರುವಾಗಲೂ ಗಾಣದ ಕೊಬ್ಬರಿಗೆ ಒಂದು, ಉಂಡೆ ಕೊಬ್ಬರಿಗೆ ಇನ್ನೊಂದು. ನಮ್ಮದರಿಂದ ಎಣ್ಣೆ ತೆಗೆಯುವುದಿಲ್ಲ, ಹಾಗೇ ತಿನ್ನುತ್ತಾರೆ. ಅದೂ ನಾವಲ್ಲ, ಉತ್ತರ ಭಾರತದವರು, ಮದುವೆಗೆ ಹಬ್ಬಕ್ಕೆ. ಮೇಷ್ಟ್ರ ಹೆಂಡತಿ ಒಂದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟಿದರು. ಚೂರು ಮುರಿದು ಬಾಯಿಗೆ ಹಾಕಿಕೊಂಡು, “ಒಂದು ವರ್ಷ ಕಾಯುವುದಾ, ಇದಕ್ಕೆ?” ಎಂದರು. “ಅಷ್ಟು ದಿನ ಕಾದರೆ ಇಲ್ಲಿ ಬೂಸರು ಬರ್ತದೆ, ಇಲ್ಲದಿದ್ದರೆ ಮೊಳಕೆ ಬರ್ತದೆ.” ನಮ್ಮ ಕೊಬ್ಬರಿಯ ಗುಟ್ಟು ನನಗೆ ಹೊಳೆದದ್ದು ಆಗಲೇ. ಅದು ನಮ್ಮ ಜಾಣತನ ಅಂದುಕೊಂಡಿದ್ದೆ. ನಮ್ಮ ಒಣ ಹವೆ ಅದು. ಮಳೆಯಿಲ್ಲದ ಗಾಳಿಯನ್ನೇ ಅಟ್ಟದಲ್ಲಿ ಕಟ್ಟಿಟ್ಟು ಮಾರುತ್ತಿದ್ದೇವೆ.

ರಾತ್ರಿ ಊಟಕ್ಕೆ ಕೆಂಪು ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಕೊದಿಲು, ಮೇಲಾರ, ಹಲಸಿನ ಹಪ್ಪಳ. ಎಲ್ಲದರಲ್ಲೂ ಹಸಿ ಕಾಯಿ, ಎಲ್ಲದರ ಮೇಲೂ ಕೊಬ್ಬರಿ ಎಣ್ಣೆಯ ಒಗ್ಗರಣೆ. ಮೊದಲ ತುತ್ತಿಗೆ ತಲೆಗೆ ಹಚ್ಚುವ ಎಣ್ಣೆಯ ನೆನಪಾಗಿ ಸ್ವಲ್ಪ ತಡೆದೆ. ತೆಂಗಿನ ಸೀಮೆಯ ನಾವು ಒಗ್ಗರಣೆಗೆ ಕಡಲೆಕಾಯಿ ಎಣ್ಣೆ ಹಾಕಿ ಮುದ್ದೆಯನ್ನು ಹುರುಳಿಸಾರಿಗೆ ಅದ್ದುವವರು. ಅಗುಳು ಅಪ್ಪ ಹೇಳಿದಷ್ಟೇ ದಪ್ಪವಿತ್ತು. ಮೂರನೇ ತುತ್ತಿಗೆ ರುಚಿ ಹತ್ತಿತು, ಎರಡನೇ ಸಲ ಬಡಿಸಿಕೊಂಡೆ.

ಆ ಮನೆಯಲ್ಲಿ ಮಾತಿನ ಸಂಚಾರ ನೋಡಬೇಕು. ಗಂಡ ಹೆಂಡಿರ ನಡುವೆ ತುಳು. ಅಡಿಕೆ ಸುಲಿಯುವವರ ಜೊತೆ ಮಲಯಾಳ. ನನ್ನ ಜೊತೆ, ವ್ಯಾಕರಣ ಪುಸ್ತಕದಿಂದ ಈಗಷ್ಟೇ ಎದ್ದು ಬಂದಂಥ ಕನ್ನಡ. ಪಟ್ಟಣದ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಗಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಮೇಷ್ಟ್ರು ಮನೆಯಲ್ಲೇ ಕಲಿಸುತ್ತಿದ್ದಾರೆ. ನಾನು ತಂದ ಕೊಬ್ಬರಿ ಮಿಠಾಯಿ ಪೊಟ್ಟಣದ ಮೇಲಿನ ಹೆಸರನ್ನು ಆಕೆ ಬೆರಳಿಟ್ಟು ‘ತಿ… ಪ… ಟೂ… ರು’ ಎಂದು ಓದಿದಾಗ ಅಜ್ಜ ಕತ್ತು ಚಾಚಿ ಕೇಳುತ್ತಿದ್ದರು. 2017ರಲ್ಲಿ ಕೇರಳ ಎಲ್ಲ ಶಾಲೆಗಳಿಗೂ ಮಲಯಾಳ ಕಡ್ಡಾಯ ಮಾಡುವ ಕಾನೂನು ತಂದಾಗ ಇವರು ಕಾಸರಗೋಡಿನ ಪ್ರತಿಭಟನೆಯಲ್ಲಿ ಬಿಸಿಲಿಗೆ ಕೂತಿದ್ದರಂತೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕುತ್ತಾರೆ ಎಂಬುದು ಅವರ ದೊಡ್ಡ ಸಂಕಟ. ಅದನ್ನು ಹೇಳಿ ಮುಗಿಸಿದವರೇ ಒಳಗೆ ಬರುತ್ತಿದ್ದ ನಾಯಿಯನ್ನು ಮಲಯಾಳದಲ್ಲಿ ಗದರಿದರು. ನನಗೆ ನಗು ಬಂತು. ಅವರಿಗೂ ಬಂತು. “ಅದರ ತಾಯಿ ಆಚೆ ಮನೆಯದ್ದು” ಎಂದರು. ಆಮೇಲೆ ಕಯ್ಯಾರರ ಮಾತೆತ್ತಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವನವಿಡೀ ಹೋರಾಡಿದ ಅದೇ ಮನುಷ್ಯ ಮಲಯಾಳದ ಕಾವ್ಯವನ್ನು ಕನ್ನಡಕ್ಕೆ ತಂದದ್ದನ್ನು ಹೇಳಿದರು. ಅವರು 2015ರಲ್ಲಿ ತೀರಿಕೊಂಡಾಗ ನೂರು ತುಂಬಿತ್ತು. ಹೋರಾಟಕ್ಕೂ ಅನುವಾದಕ್ಕೂ ವಿರೋಧ ಕಂಡವರು ದೂರದಲ್ಲಿ ಇರುವ ನಾವೇ ಇರಬೇಕು.

ಬೆಳಗ್ಗೆ ಸುರಂಗ ತೋರಿಸಲು ಕರೆದೊಯ್ದರು. ಮನೆಯ ಹಿಂದಿನ ಗುಡ್ಡದ ಬುಡದಲ್ಲಿ, ಮುರಕಲ್ಲಿನಲ್ಲಿ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಬಾಯಿ. ಒಳಗೆ ಕತ್ತಲು, ತಣ್ಣಗಿನ ಉಸಿರು. ಬಾಯಲ್ಲಿ ಕೂಡಿಸಿದ ಅಡಿಕೆ ದಬ್ಬೆಯ ಮೇಲೆ ನೀರು, ಬೆರಳು ಗಾತ್ರದ್ದು, ಹಗಲು ರಾತ್ರಿ ಹರಿದು ಕೆಳಗಿನ ತೊಟ್ಟಿ ತುಂಬುತ್ತದೆ. ಪಂಪು ಇಲ್ಲ, ಕರೆಂಟು ಇಲ್ಲ. ಮೇಷ್ಟ್ರ ಅಜ್ಜನ ಕಾಲದಲ್ಲಿ ತೋಡಿದ್ದು. ಒಬ್ಬ ಪಿಕ್ಕಾಸಿಯಿಂದ ಕಡಿಯುತ್ತ ಹೋಗುವುದು, ಇನ್ನೊಬ್ಬ ಮಣ್ಣು ಹೊರಗೆ ಎಳೆಯುವುದು, ಮೇಣದಬತ್ತಿ ಆರಿದರೆ ಗಾಳಿ ಸಾಲದು ಎಂದು ವಾಪಸು ಬರುವುದು. ಇಂಥ ಸುರಂಗಗಳು ಕಾಸರಗೋಡು ಜಿಲ್ಲೆಯಲ್ಲೂ ಗಡಿಯ ಈಚೆಗೂ ಸಾವಿರಾರು ಇವೆ. ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಇವುಗಳ ಬಗ್ಗೆ ಬರೆದದ್ದನ್ನು ಓದಿದ್ದೆ, ಆದರೆ ಆ ನೀರಿಗೆ ಕೈಯೊಡ್ಡುವುದು ಬೇರೆ. ನಮ್ಮ ತೋಟದ ಕೊನೆಯ ಬೋರ್‌ವೆಲ್ ಸಾವಿರ ಅಡಿ ದಾಟಿ ಬರೀ ಬಿಳಿ ದೂಳು ಉಗುಳಿತ್ತು. ಲಾರಿ ಹೊರಟುಹೋದ ಮೇಲೂ ಅಪ್ಪ ಆ ದೂಳಿನ ಗುಡ್ಡೆಯ ಪಕ್ಕ ಬಹಳ ಹೊತ್ತು ನಿಂತಿದ್ದರು. ಇವರು ಅಡ್ಡ ತೋಡಿದರು, ನಾವು ಉದ್ದ ತೋಡಿದೆವು. ಅವರದು ಮುರಕಲ್ಲು, ಮೂರು ತಿಂಗಳು ಹುಚ್ಚು ಮಳೆ; ನಮ್ಮದು ಕಣಶಿಲೆ. ಹೋಲಿಸುವುದು ತಪ್ಪು ಎಂದು ಗೊತ್ತು. ಹೋಲಿಸದೆ ಇರಲೂ ಆಗಲಿಲ್ಲ.

ಅಲ್ಲಿಂದ ತೋಡಿಗೆ ಇಳಿದರೆ ಐದಾರು ಜನ ಕಟ್ಟ ಕಟ್ಟುತ್ತಿದ್ದರು. ಮಳೆಗಾಲ ಕಳೆದು ನೀರಿನ ಸೊಕ್ಕು ಇಳಿದ ಮೇಲೆ, ಹರಿವಿಗೆ ಅಡ್ಡ ಹಾಕುವ ತಾತ್ಕಾಲಿಕ ಒಡ್ಡು ಇದು. ಕಲ್ಲು, ಅಡಿಕೆ ಮರ, ಸೊಪ್ಪು, ಮಣ್ಣು. ಈಗೀಗ ಪ್ಲಾಸ್ಟಿಕ್ ಹಾಳೆಯೂ. ಈ ವರ್ಷ ಆಳು ಸಿಗದೆ ತಡವಾಗಿತ್ತಂತೆ. ಹಿಂದೆ ನಿಂತ ನೀರು ಬೇಸಗೆ ಪೂರ್ತಿ ಅಕ್ಕಪಕ್ಕದ ತೋಟ, ಬಾವಿಗಳನ್ನು ತಂಪಾಗಿಡುತ್ತದೆ. ಜೂನ್ ಬಂದರೆ ಬಿಚ್ಚುತ್ತಾರೆ, ಮರೆತರೆ ಹೊಳೆಯೇ ಒಯ್ಯುತ್ತದೆ. ಮತ್ತೆ ಮುಂದಿನ ವರ್ಷ ಹೊಸದು. ಪ್ರತಿ ವರ್ಷ ಹೋಗುವುದನ್ನು ಪ್ರತಿ ವರ್ಷ ಕಟ್ಟುವುದು ನಮ್ಮ ಏರಿ ಕಟ್ಟುವ ಬುದ್ಧಿಗೆ ಹಿಡಿಸುವ ಕೆಲಸವಲ್ಲ. ನಾವು ಏರಿ ಕಟ್ಟಿದರೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕು ಎಂದು ಕಟ್ಟುವವರು, ಆಮೇಲೆ ಅದರ ಹೂಳು ಮಾತ್ರ ಯಾರೂ ತೆಗೆಯುವುದಿಲ್ಲ.

ಮೇಷ್ಟ್ರು ಲುಂಗಿ ಮೇಲೆ ಕಟ್ಟಿ ಒಂದು ಕಲ್ಲು ಎತ್ತಿ ಕೊಡುತ್ತ, ತೀರ ಸಹಜವಾಗಿ ಕೇಳಿದರು:

“ನಿಮ್ಮ ಹೊಳೆ ಯಾವುದು?”

ಇದೇ ಆ ಪ್ರಶ್ನೆ. “ನಮ್ಮಲ್ಲಿ ಹೊಳೆ ಇಲ್ಲ. ಕೆರೆ ಇದೆ. ಊರಿನ ಹೆಸರಲ್ಲೇ ಇದೆ” ಎಂದೆ.

“ಅಲ್ಲ, ಆ ಕೆರೆ ತುಂಬಿದ ಮೇಲೆ ನೀರು ಎಲ್ಲಿಗೆ ಹೋಗುದು?”

“ಕೋಡಿಗೆ.”

“ಕೋಡಿಯಿಂದ?”

ಗೊತ್ತಿರಲಿಲ್ಲ. ನಲವತ್ತೇಳು ವರ್ಷ ಆ ಊರಿನಲ್ಲಿ ಬದುಕಿ, ತುಂಬುವ ಬಗ್ಗೆ ಮಾತ್ರ ಯೋಚಿಸಿದ್ದೆ. ಹೇಮಾವತಿ ಬರುತ್ತದೆ, ನಾಲೆ ಬರುತ್ತದೆ, ಎತ್ತಿನಹೊಳೆ ಬರುತ್ತದೆ. ನಮ್ಮ ಕಡೆಯ ಧರಣಿ, ಪಾದಯಾತ್ರೆ, ಚುನಾವಣೆ ಎಲ್ಲ ‘ಬರುವ’ ನೀರಿನದು. ನಮ್ಮ ನೀರು ಎಲ್ಲಿಗಾದರೂ ‘ಹೋಗುತ್ತದೆ’ ಎಂಬುದು ತಲೆಗೇ ಬಂದಿರಲಿಲ್ಲ. ಮೇಷ್ಟ್ರು ಚುಚ್ಚಲಿಲ್ಲ. “ಎಲ್ಲಿಗಾದ್ರೂ ಹೋಗಲೇಬೇಕಲ್ಲ” ಎಂದು ಇನ್ನೊಂದು ಕಲ್ಲಿಗೆ ಬಗ್ಗಿದರು. ಅವರಿಗೆ ಊರೆಂದರೆ ಹೊಳೆಯ ಯಾವುದೋ ಒಂದು ಬದಿ. ಮದುವೆ ಸಂಬಂಧ ಹೇಳುವಾಗ ‘ಹೊಳೆಯಿಂದ ಆಚೆ’, ದೈವದ ಕೋಲಕ್ಕೆ ದಾರಿ ಹೇಳುವಾಗ ‘ತೋಡು ಸೇರುವಲ್ಲಿ ಎಡಕ್ಕೆ’.

ಮೇಷ್ಟ್ರ ಮನೆಯಿಂದ ಹೊರಟು, ಕಾಸರಗೋಡಿಗೆ ಹೋಗುವ ದಾರಿ ಬಿಟ್ಟು ಸ್ವಲ್ಪ ಸುತ್ತು ಹಾಕಿ ಎಡನೀರಿಗೆ ಹೋದೆವು. ಕಾನೂನು ಓದಿದ ಯಾರನ್ನು ಕೇಳಿದರೂ ಕೇಶವಾನಂದ ಭಾರತಿ ಎಂಬ ಹೆಸರು ಗೊತ್ತಿರುತ್ತದೆ. ಅವರು ಈ ಅಡಿಕೆ ತೋಟಗಳ ನಡುವಿನ ಮಠದ ಸ್ವಾಮಿಗಳಾಗಿದ್ದವರು, ಕನ್ನಡದವರು, ಯಕ್ಷಗಾನದ ಹುಚ್ಚಿನವರು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೇರಳದ ಭೂಸುಧಾರಣೆಯಲ್ಲಿ ಮಠದ ಭೂಮಿ ಹೋಗುತ್ತದೆಂದು ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ಕೇಳಿ 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂದರು. ದೇಶಕ್ಕೆ ಅಷ್ಟು ದೊಡ್ಡ ಕಾಪು ಸಿಕ್ಕಿತು, ಸ್ವಾಮಿಗಳಿಗೆ ಭೂಮಿ ಸಿಗಲಿಲ್ಲ. ಭೂಮಿ ಸಿಗಬೇಕಿತ್ತು ಎಂದೇನೂ ನಾನು ಹೇಳುವುದಿಲ್ಲ. ಉಳುವವನಿಗೆ ಹೋದದ್ದು ನ್ಯಾಯವೇ. ಮಠದ ಅಂಗಳ ಮಧ್ಯಾಹ್ನದ ನಿದ್ದೆಯಲ್ಲಿತ್ತು. ಎಲ್ಲೋ ಒಳಗೆ ಯಾರೋ ಚೆಂಡೆಯ ಹಗ್ಗ ಬಿಗಿಯುತ್ತಿದ್ದರು.

ಕೂಡ್ಲಿನ ಸಿಪಿಸಿಆರ್‌ಐಗೆ ಹೋಗಲೇಬೇಕಿತ್ತು, ಅಪ್ಪನ ಋಣ. 1916ರಲ್ಲಿ ಮದ್ರಾಸು ಸರ್ಕಾರ ತೆರೆದ ತೆಂಗು ಸಂಶೋಧನಾ ಕೇಂದ್ರ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಆಯಿತು. ಎತ್ತರದ ತಳಿಗೂ ಗಿಡ್ಡ ತಳಿಗೂ ಗಂಟು ಹಾಕಿದ ಜಗತ್ತಿನ ಮೊದಲ ಸಂಕರ ತೆಂಗು ಮೂವತ್ತರ ದಶಕದಲ್ಲಿ ಹುಟ್ಟಿದ್ದು ಹೊಳೆಯಾಚೆಯ ನೀಲೇಶ್ವರದಲ್ಲಿ, ಜೆ.ಎಸ್. ಪಟೇಲ್ ಎಂಬವರ ಕೈಯಲ್ಲಿ. ತಳಿಗಳ ಪಟ್ಟಿಯಲ್ಲಿ ‘ತಿಪಟೂರು ಎತ್ತರ’ ಎಂಬ ಹೆಸರು ಓದಿದಾಗ, ಪರವೂರಿನ ಜಾತ್ರೆಯಲ್ಲಿ ನಮ್ಮೂರಿನವರು ಸಿಕ್ಕಂತಾಯಿತು. ಅದರಿಂದಲೇ ಆಯ್ದು ತೆಗೆದ ‘ಕಲ್ಪತರು’ ಎಂಬ ತಳಿಯೂ ಇದೆ, ಉಂಡೆ ಕೊಬ್ಬರಿಗೆಂದೇ. ಅಲ್ಲಿದ್ದ ಒಬ್ಬರಿಗೆ ಒಗೆಯುವ ಕಲ್ಲಿನ ಪಕ್ಕದ ಮರದ ಫೋಟೋ ತೋರಿಸಿದೆ. “ಚಾವಕ್ಕಾಡ್ ಕಿತ್ತಳೆ ಗಿಡ್ಡ” ಎಂದರು, ಗುರುತು ಹಿಡಿದ ಖುಷಿಯಲ್ಲಿ. “ಎಳನೀರಿಗೆ ಇದನ್ನು ಮೀರಿದ್ದಿಲ್ಲ, ಕೊಬ್ಬರಿಗೆ ಬಾರದು.” ನಿಜ, ಅದರ ಕಾಯಿ ನಮ್ಮ ಅಟ್ಟ ಹತ್ತಿದ್ದೇ ಇಲ್ಲ. ಯಾವಾಗ ನೆಟ್ಟದ್ದೆಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಪರದೆ ನೋಡಿ, “ಎತ್ತರದ ಮರ ಎಂಬತ್ತು ತೊಂಬತ್ತು ವರ್ಷ ಇರ್ತದೆ. ಇದಕ್ಕೆ ಐವತ್ತು ಅಂದ್ರೆ ತುಂಬ ಆಯ್ತು” ಎಂದು ಫೋನು ವಾಪಸು ಕೊಟ್ಟರು.

ಸಂಜೆಗೆ ಚಂದ್ರಗಿರಿ. ಸಂಪಾಜೆಯಲ್ಲಿ ದಾರದಂತಿದ್ದ ನೀರು ಇಲ್ಲಿ ಸಮುದ್ರಕ್ಕೆ ಸೇರುವ ಮುಂಚೆ ಮೈ ಚೆಲ್ಲಿ ಮಲಗಿದೆ. ಬಡಗಣ ದಂಡೆಯಲ್ಲಿ ತಳಂಗರೆ, ಅಲ್ಲಿನ ಹಳೆಯ ಮಾಲಿಕ್ ದೀನಾರ್ ಮಸೀದಿ, ಕೈಯಲ್ಲಿ ಹೊಲಿಯುವ ಟೊಪ್ಪಿಗೆ ಹೆಸರಾದ ಊರು. ತೆಂಕಣ ದಂಡೆಯ ಗುಡ್ಡದ ಮೇಲೆ ಕೆಳದಿಯ ಶಿವಪ್ಪ ನಾಯಕನ ಕಾಲದ, ಹದಿನೇಳನೇ ಶತಮಾನದ ಕೋಟೆ. ನಾನು ಇದನ್ನು ಗಮನಿಸಿ ಬೆರಗಾದೆ: ಕೆಳದಿಯ ದೊರೆ ಹೊಳೆಯನ್ನು ಗಡಿ ಅಂದುಕೊಂಡಿದ್ದರೆ ಈಚೆ ದಂಡೆಯಲ್ಲಿ ಕೋಟೆ ಕಟ್ಟಬೇಕಿತ್ತು. ಅವನು ದಾಟಿ ಹೋಗಿ ಕಟ್ಟಿದ್ದಾನೆ. ಹಾಗೆಂದು ಹೊಳೆ ಗಡಿಯಾಗಿರಲೇ ಇಲ್ಲ ಅನ್ನುವಂತಿಲ್ಲ. ತುಳುನಾಡಿಗೂ ಮಲೆಯಾಳಕ್ಕೂ ಇದೇ ಎಲ್ಲೆ ಎಂಬುದು ಹಳೆಯ ಮಾತು. ನಾಯರ್ ಹೆಂಗಸರು ಈ ಹೊಳೆ ದಾಟಿ ಬಡಗಣಕ್ಕೆ ಬರಬಾರದೆಂಬ ಕಟ್ಟಳೆ ಇತ್ತೆಂದು ಬ್ರಿಟಿಷರ ಗೆಜೆಟಿಯರ್ ಬರೆದಿದೆ. ಗಂಡಸರಿಗೆ ಅಂಥ ಕಟ್ಟಳೆ ಇರಲಿಲ್ಲ. ಗಡಿಗಳು ಮೊದಲು ಯಾರ ಕಾಲಿಗೆ ಸುತ್ತಿಕೊಳ್ಳುತ್ತವೆ ಎಂದು ಹೇಳಬೇಕಾಗಿಲ್ಲ. ಕೋಟೆಯ ಮೇಲೆ ಆ ಹೊತ್ತಿಗೆ ನಾಲ್ಕೈದು ಕಾಲೇಜು ಹುಡುಗಿಯರು ಗೋಡೆಯಂಚಿಗೆ ಕೂತು ಕಡಲೆ ತಿನ್ನುತ್ತ, ಮಲಯಾಳದಲ್ಲಿ ಯಾರನ್ನೋ ಗೇಲಿ ಮಾಡುತ್ತ ನಗುತ್ತಿದ್ದರು. ಅವರು ಯಾವ ದಂಡೆಯಿಂದ ಬಂದವರೋ.

ಕೋಟೆ ಇಳಿದು ಚಹಾದಂಗಡಿಗೆ ಹೋದೆವು. ಇದು ಅಪ್ಪನ ಸಿದ್ಧಾಂತದ ಪ್ರಕಾರ ಪೂರಾ ‘ಆಚೆ’. ನಾನು ಗೆಳೆಯನಿಗೆ “ಸಕ್ಕರೆ ಕಮ್ಮಿ ಹಾಕಕ್ಕೆ ಹೇಳು” ಎಂದೆ. ಎತ್ತರದಿಂದ ಚಹಾ ಸುರಿಯುತ್ತಿದ್ದ ಅಂಗಡಿಯವನ ಕೈ ನಿಂತಿತು.

“ಏನ್ ಸಾರ್, ತಿಪ್ಟೂರ್ ಕಡೆಯೋರಾ?”

ನಾನು ಬೆಂಚಿನಿಂದ ಬೀಳುವುದೊಂದು ಬಾಕಿ. ಅರಸೀಕೆರೆಯ ಒಂದು ಬೇಕರಿಯಲ್ಲಿ ಹನ್ನೊಂದು ವರ್ಷ ಇದ್ದನಂತೆ. ಮೊದಲು ತಟ್ಟೆ ತೊಳೆಯುತ್ತ, ಆಮೇಲೆ ಬನ್ನು ಬೇಯಿಸುತ್ತ. ಮಲಗುತ್ತಿದ್ದದ್ದು ಒಂದು ಕೊಬ್ಬರಿ ಅಟ್ಟದ ಕೆಳಗಿನ ಕೋಣೆಯಲ್ಲಿ. “ರಾತ್ರಿ ಇಲಿ ಓಡಾಡಿದ್ರೆ ಕಾಯಿಗಳು ಗಡಗಡ ಅನ್ನೋವು ಸಾರ್. ಊರಿಗೆ ಬಂದ ಹೊಸದ್ರಲ್ಲಿ ಆ ಸದ್ದಿಲ್ದೆ ನಿದ್ದೇನೇ ಬರ್ತಿರ್ಲಿಲ್ಲ.” ಅಚ್ಚುಕಟ್ಟಾದ ನಮ್ಮ ಸೀಮೆಯ ಕನ್ನಡ. ಅಲ್ಲಿ ಗೆಳೆಯನ ಕನ್ನಡವೇ ಪರಭಾಷೆಯಂತೆ ಕೇಳುತ್ತಿತ್ತು. ಮುದ್ದೆ ಸಿಗುವುದಿಲ್ಲ ಎಂಬುದು ಅವನ ದೂರು. ಚೀಲದಲ್ಲಿ ಉಳಿದಿದ್ದ ಒಂದು ಗಿಟುಕು ಕೊಟ್ಟೆ. ಅವನು ಅದನ್ನು ಒಡೆಯಲಿಲ್ಲ; ಗಲ್ಲಾಪೆಟ್ಟಿಗೆಯ ಪಕ್ಕ, ದೇವರ ಪಟದ ಕೆಳಗೆ ಇಟ್ಟ. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಊರಿಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಹೊಳೆಯ ಈಚೆಗೇ ಮಲಯಾಳ ಶುರುವಾಗುತ್ತದೆ, ಆಚೆಗೂ ಕನ್ನಡ ಇದೆ, ನೀನು ಹೇಳಿದ ಹಾಗೆ ಇಲ್ಲ ಎಂದೆ. “ನಾನು ನೋಡಿದಾಗ ಹಂಗೇ ಇತ್ತಪ್ಪ” ಎಂದು ಮಾತು ಮುಗಿಸಿದರು. ಕೆಂದಾಳಿಯ ವಯಸ್ಸಿನ ಮಾತು ಎತ್ತಲಿಲ್ಲ.

ಮೇಷ್ಟ್ರ ಪ್ರಶ್ನೆ ಮಾತ್ರ ಬಿಡಲಿಲ್ಲ. ನಕ್ಷೆ ತೆಗೆದು ನೋಡಿದೆ. ನಮ್ಮ ತಾಲ್ಲೂಕು ಒಂದು ದಿಬ್ಬದ ಮೇಲೆ ಕೂತಿದೆ. ಬಡಗಣಕ್ಕೆ ಇಳಿಯುವ ನೀರು ಸುವರ್ಣಮುಖಿಯಾಗಿ, 1892ರಲ್ಲಿ ಕಟ್ಟಿದ ಬೋರನಕಣಿವೆಯಲ್ಲಿ ತಂಗಿ, ವೇದಾವತಿ ಸೇರಿ, ತುಂಗಭದ್ರೆಯಾಗಿ ಕೃಷ್ಣೆಗೆ ಹೋಗುತ್ತದೆ. ತೆಂಕಣಕ್ಕೆ ಇಳಿಯುವುದು ಶಿಂಷೆಗೆ, ಅಲ್ಲಿಂದ ಕಾವೇರಿಗೆ. ಅಂದರೆ ನಾವೂ ಗಡಿಯವರೇ, ಎರಡು ದೊಡ್ಡ ಹೊಳೆಗಳ ಗಡಿ. ಇಲ್ಲಿ ತಂಟೆಯಿಲ್ಲ, ಆಯೋಗವಿಲ್ಲ, ಮಣ್ಣು ಸುರಿಯುವವರಿಲ್ಲ. ಯಾಕೆಂದರೆ ನೀರೂ ಇಲ್ಲ. ನಕ್ಷೆಯಲ್ಲಿ ಗೆರೆ ಎಳೆದು ನೋಡಿದಷ್ಟೂ ನಮ್ಮೂರಿನ ಹತ್ತಿರ ಗೊಂದಲವಾಯಿತು. ಕೊನೆಗೆ ಒಂದು ಸಂಜೆ ಅಪ್ಪನನ್ನೇ ಏರಿಯ ಮೇಲೆ ಕರೆದುಕೊಂಡು ಹೋದೆ. ಕೆರೆಯಲ್ಲಿ ಜಾಲಿ ಬೆಳೆದಿತ್ತು, ನಡುವೆ ಒಂದಿಷ್ಟು ನೀರು, ಎರಡು ಎಮ್ಮೆ.

“ಈ ಕೋಡಿ ನೀರು ಎಲ್ಲಿಗೆ ಹೋಗ್ತದಪ್ಪ?”

“ಮುಂದಿನ ಕೆರೆಗೆ.”

“ಅಲ್ಲಿಂದ?”

“ಅದರ ಮುಂದಿನ ಕೆರೆಗೆ.”

“ಅಲ್ಲಿಂದ?”

ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ಕೋಡಿಯ ಕಡೆ, ಅದರಾಚೆಯ ತೆಂಗಿನ ತಲೆಗಳ ಕಡೆ ನೋಡಿದರು.

“ಅಷ್ಟು ದೂರ ನೀರು ಹೋಗಿದ್ದು ನಾನು ನೋಡಿಲ್ಲ” ಅಂದರು.